ಗದಗಿನ ಸಣ್ಣ ರಿಂಗು

ಲಕ್ಷ್ಮೇಶ್ವರದವರು ನನ್ನನ್ನು ನೋಡಲು ಬಂದ ದಿನ ಬೆಳಗಿನಿಂದಲೇ ನನಗೆ ಒಂದೇ ಆಜ್ಞೆ: ಏಳಬಾರದು. ಹೊರಡಿಸಿದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಇದಕ್ಕಾಗಿಯೇ ಹಿಂದಿನ ದಿನ ಬೆಟಗೇರಿಯಿಂದ ಬಂದಿಳಿದಿದ್ದಳು. ಮುಂಡರಗಿಯ ನಮ್ಮ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಬೀಗರಾಗಬೇಕಾದವರು ಬಸ್ಸಿಳಿಯುವ ಮೊದಲೇ ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿ, ಸೀರೆಯ ನಿರಿಗೆಗಳನ್ನು ಸುತ್ತ ಹರಡಿದಳು.

"ಚಾ ನಿಮ್ಮವ್ವ ತರ್ತಾಳ. ಎಲಿ ಅಡಕಿ ತಟ್ಟಿ ನಾ ಹಿಡೀತೀನಿ. ನೀ ಮಾತ್ರ ಏಳಬ್ಯಾಡ."

"ಅವರು ಹೋಗೂತನಾ?"

"ಅವರು ಹೋಗೂತನಾ."

ನಾನು ಮೆಟ್ರಿಕ್ ಮುಗಿಸಿದ ವರ್ಷ ಅದು, ಎಪ್ಪತ್ತರ ದಶಕದ ನಡುಭಾಗ. ಆರಡಿಗೆ ಎರಡು ಬೆರಳು ಕಡಿಮೆ ಇದ್ದೆ. ಅಪ್ಪನ ಅಜ್ಜನ ಎತ್ತರವಂತೆ. ಮನೆಯ ಗಂಡಸರನ್ನೆಲ್ಲ ಬಿಟ್ಟು ನನ್ನನ್ನು ಹುಡುಕಿಕೊಂಡು ಬಂದಿತ್ತು. ನೀರಿಗೆ ಹೋದರೂ ಗಿರಣಿಗೆ ಹೋದರೂ ಊರವರು ಕೇಳುವುದು ಒಂದೇ: "ಇನ್ನೂ ಬೆಳ್ಯಾಕತ್ತಿಯೇನವಾ?" ಬೆಳೆಯುವುದೂ ಬಿಡುವುದೂ ನನ್ನ ಕೈಯಲ್ಲಿದ್ದ ಹಾಗೆ. ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿ ಹೋಗಿತ್ತು.

ಬಂದವರು ನಾಲ್ಕು ಜನ. ಹುಡುಗ, ಅವನ ತಾಯಿ, ಸೋದರಮಾವ, ಒಬ್ಬಳು ಮುದುಕಿ. ಚಹಾ ಆಯಿತು, ಎಲೆ ಅಡಿಕೆ ಆಯಿತು, ಆ ಸಲದ ಮಳೆಯ ಮಾತೂ ಆಯಿತು. ನಾನು ಕೂತೇ ಇದ್ದೆ. ಕಾಲು ಜುಮುಗುಟ್ಟುತ್ತಿತ್ತು. ಎಲ್ಲ ಸುಸೂತ್ರವಾಗಿ ನಡೆಯಿತು ಎಂದು ಅತ್ತೆ ಉಸಿರು ಬಿಡುವಷ್ಟರಲ್ಲಿ ಮುದುಕಿ ಬಾಯಿ ತೆಗೆದಳು.

"ನಾವು ಬಂದಾಗಿಂದ ಕೂಸು ಕುಂತ ಐತಿ. ಕಾಲಾಗ ಏನರ ಐಬು ಐತೇನ?"

"ಏ, ಏನೂ ಇಲ್ಲರಿ!" ಎಂದಳು ಅತ್ತೆ.

"ಹಂಗಾದ್ರ ಒಂದೀಟು ಎದ್ದು ನಡೀಲಿ."

ಎದ್ದೆ. ಹುಡುಗನ ಕಣ್ಣು ನನ್ನ ಜೊತೆಗೇ ಮೇಲೆ ಬಂತು. ಮರ್ಯಾದೆಗೋ ಗಾಬರಿಗೋ, ಅವನೂ ಎದ್ದು ನಿಂತ. ನನ್ನ ಹೆಗಲಿಗೆ ಬಂದ. ಅವನ ತಾಯಿ ಅಂಗಿಯ ಅಂಚು ಹಿಡಿದು ಅವನನ್ನು ಎಳೆದು ಕೂರಿಸಿದಳು. ಆಮೇಲೆ ಸೋದರಮಾವ ಶಿರಹಟ್ಟಿ ಕಡೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು.

ಅವರು ಹೋದ ಮೇಲೆ ಅತ್ತೆ ಒಲೆಯ ಮುಂದೆ ಕೂತು, "ಕುಂಟಿ ಅಂತ ತಿಳಕೊಂಡಿದ್ರೂ ಆಗ್ತಿತ್ತು," ಎಂದಳು.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಮನೆಯಲ್ಲಿ ಮಾತು ಕಡಿಮೆ, ಅಕ್ಕನ ಎದುರು ಇನ್ನೂ ಕಡಿಮೆ. ಹೀಗೆ ಬಂದು ಹೋದವರಲ್ಲಿ ಇವರು ಮೂರನೆಯವರು. ಅಂದು ಅಪ್ಪ ಟೋಪಿ ತೆಗೆದು ಗೂಟಕ್ಕೆ ಸಿಗಿಸುತ್ತ, "ಇನ್ನ ಯಾರನ್ನೂ ಕರಸಬ್ಯಾಡ್ರಿ. ಸಾಕು. ಗದಗಿಗೆ ಹೋಗಿ ಓದಲಿ ಅಕಿ," ಎಂದರು. ನನ್ನ ಓದಿನ ಮೇಲೆ ಅವರಿಗೆ ಭಾರೀ ಆಸೆಯಿತ್ತು ಎಂದೇನಲ್ಲ. ಜಮಖಾನೆ ಹಾಸಿ ಮಡಿಸಿ ಬೇಸತ್ತಿದ್ದರು, ಅಷ್ಟೇ.

ಹೀಗೆ ನಾನು ಗದಗಿಗೆ ಅಂಟಿಕೊಂಡೇ ಇರುವ ಬೆಟಗೇರಿಯ ಅತ್ತೆಯ ಮನೆಗೆ ಬಂದೆ. ಓಣಿಯ ತುಂಬ ಮಗ್ಗಗಳ ಸದ್ದು. ಮನೆಯ ಬಾಗಿಲುಗಳೆಲ್ಲ ಗಿಡ್ಡ; ಮೊದಲ ವಾರ ನನ್ನ ಹಣೆಯ ಬಾವು ಇಳಿಯಲೇ ಇಲ್ಲ. ಕಾಲೇಜಿಗೆ ಸೇರಿ ಎರಡು ಮೂರು ದಿನವಾಗಿತ್ತು. ವರಾಂಡದಲ್ಲಿ ಹೋಗುತ್ತಿದ್ದವಳನ್ನು ಪಿ.ಟಿ. ಸರ್ ತಡೆದು ನಿಲ್ಲಿಸಿದರು. ಅವರು ಹಳೆಯ ಕಬಡ್ಡಿ ಆಟಗಾರ. ದಪ್ಪ ಕುತ್ತಿಗೆ, ಅದರಲ್ಲಿ ಕರಿ ದಾರಕ್ಕೆ ಕಟ್ಟಿದ ಸೀಟಿ. ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿ, ಸಂತೆಯಲ್ಲಿ ಒಳ್ಳೆಯ ಎತ್ತು ಸಿಕ್ಕವರ ಹಾಗೆ ನಕ್ಕರು.

"ನಾಳಿ ಮುಂಜಾನೆ ಮೈದಾನಕ್ಕ ಬಾ. ಬಾಸ್ಕೆಟ್‌ಬಾಲ್."

"ನನಗ ಬರೂದಿಲ್ಲರಿ ಸರ್."

"ಬರೂದೇನೈತಿ ಅದರಾಗ? ನೀ ನಿಂತ್ರ ಸಾಕು."

ಒಂದು ಕಡೆ ಕೂತರೆ ಸಾಕು ಅನ್ನುತ್ತಿದ್ದರು, ಇಲ್ಲಿ ನಿಂತರೆ ಸಾಕಂತೆ. ಹೋಗಲಿ ಎಂದು ಹೋದೆ.

ಆ ಆಟವನ್ನು ಸರ್ ಕೂಡ ಧಾರವಾಡದಲ್ಲಿ ಒಂದು ಸಲ ನೋಡಿದ್ದರು, ಅದೂ ಅರ್ಧ. ಉಳಿದದ್ದನ್ನು ಚಿತ್ರಗಳಿದ್ದ ಒಂದು ಪುಸ್ತಕದಿಂದ ತಿಳಿದುಕೊಂಡಿದ್ದರು. ಆ ವರ್ಷ ಅಂತರ ಕಾಲೇಜು ಪಂದ್ಯಕ್ಕೆ ಹುಡುಗಿಯರ ತಂಡ ಕಳಿಸಬೇಕು ಎಂದು ಪ್ರಿನ್ಸಿಪಾಲರಿಗೆ ಉಮೇದು ಬಂದು, ಮೈದಾನದ ಒಂದು ತುದಿಗೆ ಬೇವಿನ ಕಂಬ ನೆಟ್ಟು, ಅದಕ್ಕೆ ಹಲಗೆ ಬಡಿದು, ಹಲಗೆಗೆ ಕಬ್ಬಿಣದ ರಿಂಗು ಕೂರಿಸಿದ್ದರು. ಇನ್ನೊಂದು ತುದಿಗೆ ಏನೂ ಇರಲಿಲ್ಲ. ತಂಡಕ್ಕೆ ಐವರು ಬೇಕು. ಖೋಖೋ ಆಡುವವರು ಇಬ್ಬರು, ಅವರ ಗೆಳತಿ ಒಬ್ಬಳು, ಸರ್ ಮನೆಯ ಪಕ್ಕದ ಹುಡುಗಿ ಒಬ್ಬಳು, ಮತ್ತೆ ನಾನು.

ಚೆಂಡು ಒಳಗೆ ಹೋಗುತ್ತಿರಲಿಲ್ಲ. ನನ್ನದಷ್ಟೇ ಅಲ್ಲ, ಯಾರದೂ ಹೋಗುತ್ತಿರಲಿಲ್ಲ. ರಿಂಗಿನ ಕೆಳಗೇ ನಿಂತು, ಕೈ ಎತ್ತಿ, ಇಷ್ಟೇ ದೂರದಿಂದ ಹಾಕಿದರೂ ಅಂಚಿಗೆ ಬಡಿದು ಹೊರಗೆ ಹಾರುತ್ತಿತ್ತು. ಕೆಲವು ಸಲ ರಿಂಗಿನ ಬಾಯಲ್ಲೇ ಸಿಕ್ಕಿಕೊಂಡು ಕೂತುಬಿಡುವುದು. ಆಗ ಕೋಲು ತಂದು ತಿವಿದು ಕೆಡವಬೇಕು. ತಿವಿಯುವ ಕೆಲಸ ನನ್ನದೇ, ಉದ್ದ ಇದ್ದೆನಲ್ಲ.

"ಸರ್, ರಿಂಗ್ ಸಣ್ಣದೈತ್ರಿ," ಎಂದೆ ಒಂದು ದಿನ.

"ರಿಂಗ್ ಸಣ್ಣದಿಲ್ಲ. ನಿನಗ ಗುರಿ ಇಲ್ಲ."

"ಚಂಡು ಸಿಗಬೀಳ್ತೈತಲ್ರಿ?"

"ಗುರಿ ಇದ್ರ ಸಿಗಬೀಳೂದಿಲ್ಲ."

ಇದೇ ಮಾತು ತಿಂಗಳಾನುಗಟ್ಟಲೆ ನಡೆಯಿತು. ಕೊನೆಗೆ ನಾನೇ ಆ ರಿಂಗು ಮಾಡಿದ ಕಂಬಾರನನ್ನು ಹುಡುಕಿಕೊಂಡು ಹೋದೆ. ಅವನ ಕುಲುಮೆ ಅತ್ತೆಯ ಮನೆಯ ದಾರಿಯಲ್ಲೇ ಇತ್ತು.

"ಯಾವ ಅಳತಿ ಹಿಡದು ಮಾಡೀರಿ ಅದನ್ನ?"

"ಅಳತಿ ಎಲ್ಲೀದ್ರಿ? ನಿಮ್ಮ ಸರ್ ಚಂಡು ತಂದು ಮುಂದಿಟ್ರು. ಇದು ಹೊಕ್ಕು ಕೆಳಗ ಬೀಳಬೇಕು ಅಂದ್ರು. ಮಾಡಿ ಕೊಟ್ಟೆ. ಯಾಕ, ಹೊಕ್ಕೂದಿಲ್ಲೇನು?"

"ಹೊಕ್ಕತೈತ್ರಿ, ಆದರ..."

"ಮತ್ತ?" ಎಂದು ಅವನು ತಿದಿ ಒತ್ತತೊಡಗಿದ.

ನಾನು ಈ ವಿಷಯ ತಂದು ಸರ್ ಮುಂದೆ ಇಟ್ಟೆ. ಅವರು ಮೇಲೆ ರಿಂಗಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ತಮ್ಮ ಪುಸ್ತಕ ತೆರೆದು ನೋಡುವಷ್ಟು ತಾಳ್ಮೆ ಅವರಿಗೆ ಇರಲಿಲ್ಲ, ಅಥವಾ ಧೈರ್ಯ ಇರಲಿಲ್ಲ. "ಈ ವರ್ಷ ಇದರಾಗ ಆಡ್ರಿ. ಮುಂದಿನ ವರ್ಷ ನೋಡೂಣು," ಎಂದರು.

ಸರ್ ಪಕ್ಕದ ಮನೆಯ ಹುಡುಗಿ ಅಲ್ಲಿಗೇ ಕೈಬಿಟ್ಟಳು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದಳು. ನಾನೂ ಬಿಡಬಹುದಿತ್ತು. ಬಿಡದೆ ಇದ್ದದ್ದು ಆಟದ ಪ್ರೀತಿಯಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಗುರಿ ಇಲ್ಲ ಅಂದಿದ್ದರಲ್ಲ, ಅದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಒಬ್ಬಳೇ ಎಸೆಯುತ್ತಿದ್ದೆ. ನೇರ ಎಸೆದರೆ ಜನ್ಮದಲ್ಲಿ ಹೋಗುವುದಿಲ್ಲ ಎಂದು ತಿಳಿಯಿತು. ಹಲಗೆಗೆ ಬಡಿದರೂ ಹೋಗುವುದಿಲ್ಲ. ಎತ್ತರಕ್ಕೆ ಹಾರಿಸಬೇಕು, ಚೆಂಡು ಮೇಲೆ ಹೋಗಿ, ಒಂದು ಗಳಿಗೆ ನಿಂತಂತೆ ಮಾಡಿ, ನೆಟ್ಟಗೆ ಕೆಳಗೆ ಬೀಳಬೇಕು. ಹಾಗೆ ಬಿದ್ದರೆ ಮಾತ್ರ ಆ ಹಾಳು ರಿಂಗು ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತು. ಮೈದಾನಕ್ಕೆ ಗರಸು ಹಾಕಿದ್ದರು. ಚೆಂಡು ನೆಲಕ್ಕೆ ಬಿದ್ದರೆ ಕಲ್ಲಿಗೆ ತಾಗಿ ಎತ್ತಲಾಗೋ ಜಿಗಿಯುವುದು. ಹಾಗಾಗಿ ನಾವು ಪುಟಿಸುತ್ತಲೇ ಇರಲಿಲ್ಲ, ಎರಡೂ ಕೈಯಲ್ಲಿ ತಬ್ಬಿಕೊಂಡು ಓಡುತ್ತಿದ್ದೆವು. ಅದು ತಪ್ಪು ಎಂದು ಸರ್ ಹೇಳಲಿಲ್ಲ. ಪುಸ್ತಕದ ಆ ಪುಟ ಅವರು ಓದಿರಲಿಲ್ಲ ಎಂದು ಕಾಣುತ್ತದೆ.

ಮನೆಯಲ್ಲಿ ಅತ್ತೆಯದು ಬೇರೆ ಗೋಳು. ಸೀರೆಯುಟ್ಟು ಆಡಲಾಗದು ಎಂದು ನಾನು ಅವಳ ಮಗನ ಹಳೆಯ ಪಾಯಿಜಾಮ ಕೇಳಿದಾಗ ಆಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಕೊಟ್ಟದ್ದು ಕೂಡ ನನ್ನ ಮೊಣಕಾಲಿನ ಸ್ವಲ್ಪ ಕೆಳಗೆ ನಿಂತಿತು. ಗದಗಿನ ಯಾವ ಅಂಗಡಿಯಲ್ಲೂ ನನ್ನ ಕಾಲಿಗಾಗುವ ಹೆಂಗಸರ ಬೂಟು ಇರಲಿಲ್ಲ. ಗಂಡಸರ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಾನು ಓಣಿ ದಾಟುವಾಗ ಆಕೆ ಕಿಟಕಿ ಮುಚ್ಚುತ್ತಿದ್ದಳು.

ಮಳೆಗಾಲ ಮುಗಿದ ಮೇಲೆ ಧಾರವಾಡಕ್ಕೆ ಹೋದೆವು. ಸಿಮೆಂಟಿನ ಅಂಗಳ, ಎರಡೂ ತುದಿಗೆ ಕಂಬ. ನಾನು ಮೊದಲು ನೋಡಿದ್ದು ರಿಂಗನ್ನು. ಬಾವಿಯ ಬಾಯಿಯಷ್ಟು ದೊಡ್ಡದಾಗಿ ಕಂಡಿತು.

"ಸರ್, ಇದು ಬ್ಯಾರೆ ಆಟದ್ದೇನ್ರಿ?"

ಸರ್ ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ ಮೆಲ್ಲಗೆ, "ಇದ ಬರೋಬ್ಬರಿ ಇದ್ದೀತು," ಎಂದರು.

ಆಟ ಶುರುವಾಗಿ ನನ್ನ ಕೈಗೆ ಬಂದ ಮೊದಲ ಚೆಂಡನ್ನು ನಿಂತಲ್ಲಿಂದಲೇ ಎಸೆದೆ. ದೂರ ಇತ್ತು. ಅಂಚಿಗೂ ತಾಗದೆ ಬಲೆಯೊಳಗೆ ಇಳಿಯಿತು. ಎರಡನೆಯದೂ ಹಾಗೆಯೇ. ಜನ ಚಪ್ಪಾಳೆ ತಟ್ಟಿದರು. ನನಗೆ ಸಂತೋಷವಾಗಬೇಕಿತ್ತು, ಬಂದದ್ದು ಸಿಟ್ಟು. ಇಷ್ಟು ತಿಂಗಳು ಗುರಿ ಇಲ್ಲ, ಗುರಿ ಇಲ್ಲ ಅನ್ನಿಸಿಕೊಂಡೆನಲ್ಲ! ಓಡುತ್ತ ಓಡುತ್ತಲೇ ಸರ್ ಕಡೆ ತಿರುಗಿ ಗುರಾಯಿಸಿದೆ. ಅವರು ಸೀಟಿಯ ದಾರ ಸರಿ ಮಾಡಿಕೊಳ್ಳುತ್ತಿದ್ದರು.

ಆ ಮೇಲೆ ಬೇರೆ ತಾಪತ್ರಯ ಶುರುವಾಯಿತು. ಚೆಂಡು ಹಿಡಿದು ನಾನು ಹೆಜ್ಜೆ ಇಟ್ಟರೆ ಸಾಕು, ರೆಫರಿ ಸೀಟಿ ಊದುತ್ತಿದ್ದ. ಪುಟಿಸದೆ ನಡೆಯುವಂತಿಲ್ಲ ಎಂದು ನನಗೆ ಗೊತ್ತಾದದ್ದು ಅಂದೇ. ಪುಟಿಸಲು ಹೋದೆ, ಸಿಮೆಂಟಿನ ಮೇಲೆ ಚೆಂಡು ನೆಗೆದು ಗದ್ದಕ್ಕೆ ಬಡಿಯಿತು, ನಾಲಿಗೆ ಕಚ್ಚಿಕೊಂಡೆ. ಹೇಳಲು ನಾಚಿಕೆಯಾಗುವಷ್ಟು ಅಂಕಗಳಿಂದ ಸೋತೆವು. ನಮ್ಮ ಕಡೆಯ ಅಂಕಗಳೆಲ್ಲ ನನ್ನವೇ, ಎದುರಿನವರಿಗೆ ಚೆಂಡು ದಾನ ಮಾಡಿದವಳೂ ನಾನೇ.

ಪಂದ್ಯ ಮುಗಿದು ನಲ್ಲಿಯ ಕೆಳಗೆ ಬಾಯಿ ತೊಳೆಯುತ್ತಿದ್ದಾಗ ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ನಿಂತರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಗಂಡಸರ ಕೈಗಡಿಯಾರ ಕಟ್ಟಿದ್ದರು. ಹುಬ್ಬಳ್ಳಿಯ ಒಂದು ದೊಡ್ಡ ಕಚೇರಿ ಆಟಗಾರ್ತಿಯರಿಗೆ ನೌಕರಿ ಕೊಟ್ಟು ತಂಡ ಕಟ್ಟುತ್ತಿತ್ತು. ಅದರ ಕೋಚ್ ಅವರು. ಆಗ ನಮ್ಮ ಸೀಮೆಯಲ್ಲಿ ಆಟವನ್ನೇ ಕಸುಬು ಮಾಡಿಕೊಳ್ಳುವುದೆಂದರೆ ಅಷ್ಟೇ: ಪಗಾರ ಕಚೇರಿಯದು, ಕೆಲಸ ಚೆಂಡಿನದು.

"ನಿನಗ ಆಟ ಬರೂದಿಲ್ಲ," ಎಂದರು.

"ಗೊತ್ತೈತ್ರಿ," ಎಂದೆ, ಬಾಯಲ್ಲಿ ರಕ್ತ ಇಟ್ಟುಕೊಂಡು.

"ಆದರ ಚಂಡು ಹಾಕಾಕ ಬರತೈತಿ. ಅದನ್ನ ಕಲಸೂದು ಕಷ್ಟ, ಉಳಿದದ್ದು ಕಲಸಬಹುದು. ಬಿ.ಎ. ಮುಗಿಸು. ಆಮ್ಯಾಲ ಬಾ."

ಮುಗಿಸಿದೆ. ಎರಡನೇ ವರ್ಷಕ್ಕೆ ಸರ್ ಸರಿಯಾದ ರಿಂಗು ಹಾಕಿಸಿದರು. ಮೈದಾನದ ಗರಸು ಮಾತ್ರ ಹಾಗೇ ಉಳಿಯಿತು, ನನಗೆ ಪುಟಿಸುವುದು ಬರಲೇ ಇಲ್ಲ. ಕೋಚ್ ಮಾತಿಗೆ ತಪ್ಪಲಿಲ್ಲ. ನನ್ನ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅಪ್ಪನ ಒಪ್ಪಿಗೆ ಕೇಳಲು ಡಂಬಳದ ಮೇಲೆ ಹಾಯ್ದು ಬರುವ ಬಸ್ಸಿನಲ್ಲಿ ಧೂಳು ತಿನ್ನುತ್ತ ಮುಂಡರಗಿಗೆ ತಾವೇ ಬಂದರು. ಖಬರು ಹೇಗೋ ತಿಳಿದು ಅತ್ತೆಯೂ ಬಂದಿದ್ದಳು. ಮತ್ತೆ ಅದೇ ಪಡಸಾಲೆ, ಅದೇ ಜಮಖಾನೆ.

"ಅಲ್ರಿ ಬಾಯಾರ," ಎಂದರು ಅಪ್ಪ, "ಮುಂಜಾನೆದ್ದು ಇಕಿ ಚಂಡು ಆಡ್ತಾಳ. ಆಮ್ಯಾಲ?"

"ಆಮ್ಯಾಲ ಕಚೇರಿಗೆ ಹೋಗ್ತಾಳ್ರಿ."

"ಕಚೇರ್ಯಾಗ ಏನು ಕೆಲಸ?"

"ಅಷ್ಟೇನಿಲ್ಲರಿ. ಮಧ್ಯಾಹ್ನತನಾ ಕುಂಡ್ರತಾಳ. ಸಂಜಿಕ ಮತ್ತ ಆಡ್ತಾಳ."

"ಪಗಾರ ಕುಂಡ್ರೂದಕ್ಕೋ, ಆಡೂದಕ್ಕೋ?"

"ಆಡೂದಕ್ಕರಿ."

ಅಪ್ಪ ಜಂತಿ ನೋಡಿದರು. "ಇಷ್ಟು ವರ್ಷ ಹುಡುಗರಿಗೆ ಆಡಬ್ಯಾಡ್ರಲೇ, ಓದ್ರಿ ಅಂತ ಹೇಳಿಕೋತ ಬಂದೀನಿ ನಾ," ಎಂದರು, ಯಾರಿಗೂ ಅಲ್ಲ ಎನ್ನುವಂತೆ.

ಅತ್ತೆಗೆ ತಡೆಯಲಾಗಲಿಲ್ಲ. "ಚಂಡು ಆಡೂ ಹುಡಿಗೀನ್ನ ಯಾರು ಮಾಡ್ಕೋತಾರೋ ತಮ್ಮಾ?"

"ಆಡಲಾರದಾಗ ಯಾರು ಮಾಡ್ಕೊಂಡ್ರು?" ಎಂದರು ಅಪ್ಪ. ಅಕ್ಕನಿಗೆ ಅವರು ಹಾಗೆ ಎದುರು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅತ್ತೆ ಎದ್ದು ಒಳಗೆ ಹೋದಳು. ನಾನು ಹುಬ್ಬಳ್ಳಿಗೆ ಹೋದೆ.

ಅಲ್ಲಿ ಎಲ್ಲ ಸರಿಹೋಯಿತು ಎಂದುಕೊಂಡರೆ, ಇಲ್ಲ. ಉಳಿದ ಹುಡುಗಿಯರು ಮೈಸೂರು, ಬೆಂಗಳೂರು ಕಡೆಯವರು. ಹತ್ತು ಹನ್ನೆರಡು ವರ್ಷದವರಿದ್ದಾಗಿನಿಂದ ಆಡಿದವರು. ನಾನು ಬಿ.ಎ. ಮುಗಿಸಿ ಬಂದು ಚೆಂಡು ಪುಟಿಸುವುದನ್ನು ಒಂದನೇ ಇಯತ್ತೆಯಿಂದ ಕಲಿಯಬೇಕಾಯಿತು. ಕೋಚ್ ನನಗೆ ಒಂದು ಚೆಂಡು ಕೊಟ್ಟು, ಹಾಸ್ಟೆಲಿನಿಂದ ಮೈದಾನದ ತನಕ ರಸ್ತೆಯಲ್ಲಿ ಪುಟಿಸುತ್ತಲೇ ಬರಬೇಕು, ಕೈಗೆ ಎತ್ತಿಕೊಳ್ಳಬಾರದು ಎಂದರು. ಹುಬ್ಬಳ್ಳಿಯ ರಸ್ತೆಯಲ್ಲಿ ಟಾಂಗಾ, ಎಮ್ಮೆ, ಸೈಕಲ್ಲು, ಗಟಾರು. ಚೆಂಡು ಗಟಾರಿಗೆ ಬಿದ್ದರೆ ತೊಳೆದುಕೊಂಡು ಮತ್ತೆ ಮೊದಲಿನಿಂದ. ಪಾನ್ ಅಂಗಡಿಯವನು ದಿನಾ ಕೇಳುವನು, "ಏನವಾ ತಂಗಿ, ಹುಷಾರ ಅದಿಯಿಲ್ಲೋ?"

ಮೊದಲ ವರ್ಷ ನಾನು ಬೆಂಚಿನ ಮೇಲೆಯೇ ಇದ್ದೆ, ಬೇರೆಯವರ ಟವೆಲ್ ಹಿಡಿದುಕೊಂಡು. ಊರಿಂದ ಊರಿಗೆ ರೈಲಿನಲ್ಲಿ ಹೋಗುವುದು, ಕೂರುವುದು, ವಾಪಸ್ ಬರುವುದು. ಇದಕ್ಕೆ ಪಗಾರ ತೆಗೆದುಕೊಳ್ಳುತ್ತೇನಲ್ಲ ಎಂದು ನಾಚಿಕೆ ಒಂದು ಕಡೆ, ಕರೆಯುತ್ತಿಲ್ಲವಲ್ಲ ಎಂದು ಉರಿ ಒಂದು ಕಡೆ.

ಮೈಸೂರಿನಲ್ಲಿ ನಡೆದ ಒಂದು ಪಂದ್ಯದಲ್ಲಿ ನಮ್ಮ ತಂಡದ ಎತ್ತರದ ಹುಡುಗಿಗೆ ಕಾಲು ಉಳುಕಿತು. ಕೋಚ್ ನನ್ನ ಕಡೆ ನೋಡಿ, ನಿಟ್ಟುಸಿರು ಬಿಟ್ಟು, "ಹೋಗು," ಎಂದರು. ಹೋದೆ. ರಿಂಗಿನ ಎಡಗಡೆ ನಾನು ಒಬ್ಬಳೇ ನಿಂತಿದ್ದೆ, ಹತ್ತಿರ ಯಾರೂ ಇರಲಿಲ್ಲ. ಚೆಂಡು ನಮ್ಮ ತಂಡದಲ್ಲಿದ್ದ ಮೈಸೂರಿನ ಹುಡುಗಿಯ ಕೈಯಲ್ಲಿತ್ತು. "ಒಗಿ! ಒಗಿ!" ಎಂದು ಕೂಗಿದೆ. ಅವಳು ಚೆಂಡು ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತಳು. "ಒಗಿಯಲೇ!" ಎಂದು ಚೀರಿದೆ. ಅಷ್ಟರಲ್ಲಿ ಎದುರಿನವಳು ಕಸಿದುಕೊಂಡು ಹೋದಳು.

"ಏನೇ ನಿಂದು?" ಎಂದಳು ಮೈಸೂರಿನವಳು ಸಿಟ್ಟಿನಿಂದ. "ಆಟದ ಮಧ್ಯ ಬಟ್ಟೆ ಒಗೀ ಅಂತೀಯಲ್ಲ!"

ಒಗೆಯುವುದೆಂದರೆ ಅವರ ಕಡೆ ಬಟ್ಟೆಗೆ ಮಾತ್ರ ಎಂದು ನನಗೆ ಹೇಗೆ ಗೊತ್ತಿರಬೇಕು? ನಮ್ಮಲ್ಲಿ ಕಲ್ಲೂ ಒಗೆಯುತ್ತೇವೆ, ಚೆಂಡೂ ಒಗೆಯುತ್ತೇವೆ. ಅಲ್ಲೇ ನಿಂತು ಕನ್ನಡ ಪಾಠ ಮಾಡುವಂತಿರಲಿಲ್ಲ. ಆಮೇಲೆ ಬರೀ ಕೈ ಎತ್ತಿ ತೋರಿಸಿದೆ. ಚೆಂಡು ಬಂತು. ಎತ್ತರಕ್ಕೆ ಹಾರಿಸಿದೆ, ಇಳಿಯಿತು. ಮತ್ತೆ ಬಂತು, ಮತ್ತೆ ಇಳಿಯಿತು. ತಡೆಯಲು ಬಂದವರ ಕೈ ನನ್ನ ಚೆಂಡಿನ ಹತ್ತಿರಕ್ಕೂ ಬರುತ್ತಿರಲಿಲ್ಲ. ನಾವು ಮುಂದೆ ಹೋದೆವು. ಆಗ, ಇನ್ನು ನಾಲ್ಕು ನಿಮಿಷ ಇದ್ದಾಗ, ನನ್ನದು ಐದನೇ ಫೌಲ್, ಐದು ತಪ್ಪಾದರೆ ಆಟ ಮುಗಿಯಿತು ಎಂದು ರೆಫರಿ ಹೊರಗೆ ಕಳಿಸಿದ. ಮುಟ್ಟಿರಲೂ ಇಲ್ಲ ನಾನು ಎದುರಿನವಳನ್ನ. ನಾವು ಗೆದ್ದದ್ದನ್ನು ಮತ್ತೆ ಅದೇ ಬೆಂಚಿನ ಮೇಲೆ ಕೂತು, ಟವೆಲ್ ಕಚ್ಚಿಕೊಂಡು ನೋಡಿದೆ.

ರೈಲಿನಲ್ಲಿ ಕೋಚ್ ನನ್ನ ಪಕ್ಕ ಬಂದು ಕೂತು, ಕಾಗದದಲ್ಲಿ ಕಟ್ಟಿದ್ದ ಇಡ್ಲಿ ಕೊಟ್ಟರು. "ನಾಳಿಂದ ರಸ್ತ್ಯಾಗ ಪುಟಿಸೂದು ಬ್ಯಾಡ," ಎಂದರು. ಅವರ ಬಾಯಿಂದ ಹೊಗಳಿಕೆ ಎಂದು ಬಂದದ್ದು ಅಷ್ಟೇ.

ಅಲ್ಲಿಂದ ಸುಮಾರು ಹತ್ತು ವರ್ಷ, ಮೊಣಕಾಲು ಮಾತು ಕೇಳುವ ತನಕ, ಆಡಿದೆ. ಬೆಂಚು ತಪ್ಪಿತು. ಒಂದು ಸಲ ರಾಜ್ಯದ ತಂಡಕ್ಕೂ ಆರಿಸಿದರು. ಕಚೇರಿಯಲ್ಲಿ ಮಾತ್ರ ನನ್ನ ವಿಭಾಗದ ಸಾಹೇಬರು ನಿವೃತ್ತರಾಗುವವರೆಗೂ, "ನಿಮ್ಮ ಆಟ ಮುಗದ ಮ್ಯಾಲ ಒಂದಿಷ್ಟು ಕೆಲಸಾನೂ ಮಾಡ್ರಿ," ಎಂದು ದಿನಕ್ಕೊಮ್ಮೆ ಹೇಳುವುದನ್ನು ಬಿಡಲಿಲ್ಲ.

ಹುಬ್ಬಳ್ಳಿಯಲ್ಲೇ ಪಂದ್ಯಾವಳಿ ನಡೆದ ವರ್ಷ ಅಪ್ಪ ನನ್ನ ಆಟ ನೋಡಲು ಬಂದರು. ಧೋತರ, ಟೋಪಿ, ಕಂಕುಳಲ್ಲಿ ಕೊಡೆ. ಎದುರಿನ ಹುಡುಗಿ ನನಗೆ ಡಿಕ್ಕಿ ಹೊಡೆದಾಗ ಇಡೀ ಮೈದಾನಕ್ಕೆ ಕೇಳುವಂತೆ, "ಏ ಹುಡುಗಿ, ದೂಕಬ್ಯಾಡ!" ಎಂದು ತರಗತಿಯ ದನಿಯಲ್ಲಿ ಗದರಿದರು. ಅವಳು ನಿಜಕ್ಕೂ ಹೆದರಿ ನಿಂತಳು. ಪಕ್ಕದಲ್ಲಿ ಕೂತವರೊಬ್ಬರು ಅವರಿಗೆ ಪಂದ್ಯ ಮುಗಿಯುವ ತನಕ ನಿಯಮಗಳನ್ನು ವಿವರಿಸಿದರಂತೆ. ಆ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಅದರಿಂದ ಮುಂದೆ ಆದದ್ದನ್ನು ಅನುಭವಿಸಿದವಳು ನಾನು.

ಎಂಬತ್ತರ ದಶಕದ ಕೊನೆಗೆ ಅಪ್ಪ ಕಲಿಸಿದ ಶಾಲೆಯವರು ನನಗೆ ಶಾಲು ಹೊದಿಸಬೇಕೆಂದು ಕರೆದರು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಕೆಳಗೆ ಸಾಲುಸಾಲು ಹುಡುಗಿಯರು, ಮುಂದಿನ ಸಾಲಿನಲ್ಲಿ ನಿವೃತ್ತ ಮಾಸ್ತರರು. ಮುಖ್ಯ ಅತಿಥಿಯಾಗಿ ಬಂದ ದೊಡ್ಡ ಮನುಷ್ಯರು ಮೈಕಿನ ಮುಂದೆ ನಿಂತು, ಮುಂಡರಗಿಯ ಹೆಸರನ್ನು ದೇಶದ ತುಂಬ ಬೆಳಗಿದ ನಮ್ಮ ವಾಲಿಬಾಲ್ ಆಟಗಾರ್ತಿ ಎಂದು ನನ್ನನ್ನು ಪರಿಚಯಿಸಿದರು. ಒಂದು ಸಲ ಅಲ್ಲ, ಮೂರು ಸಲ.

ನಾನು ಸುಮ್ಮನಿದ್ದೆ. ಅಷ್ಟು ವರ್ಷಗಳಲ್ಲಿ ಸುಮ್ಮನಿರುವುದನ್ನೂ ಕಲಿತಿದ್ದೆ. ಸುಮ್ಮನಿರದವರು ಅಪ್ಪ. ಮುಂದಿನ ಸಾಲಿನಿಂದ ಎದ್ದರು.

"ವಾಲಿಬಾಲ್ ಅಲ್ರಿ. ಬಾಸ್ಕೆಟ್‌ಬಾಲ್."

"ಎರಡೂ ಚಂಡ ಅಲ್ರಿ ಮಾಸ್ತರ?" ಎಂದರು ಅತಿಥಿಗಳು ನಗುತ್ತ.

"ಹಂಗಲ್ಲರೀ ಅದು," ಎಂದು ಅಪ್ಪ ಶಾಲೆಯ ಮಕ್ಕಳ ಕಡೆ ತಿರುಗಿದರು. ಕೈಯಲ್ಲಿನ ಕೊಡೆಯನ್ನು ಬೆತ್ತದ ಹಾಗೆ ಹಿಡಿದರು. "ಕೇಳ್ರಿ. ಐದು ಮಂದಿ ಈ ಕಡೆ, ಐದು ಮಂದಿ ಆ ಕಡೆ. ಚಂಡು ಹಿಡದು ಓಡಬಾರದು, ನೆಲಕ್ಕ ಬಡಕೋತ ಹೋಗಬೇಕು. ಗೋಲ್ ಆದ್ರ ಒಂದು ಮಾರ್ಕು."

"ಎರಡು, ಅಪ್ಪಾ," ಎಂದೆ ವೇದಿಕೆಯ ಮೇಲಿನಿಂದ. "ಗೋಲ್ ಅಲ್ಲ ಅದು. ಮತ್ತ ಎರಡು ಪಾಯಿಂಟು."

"ಒಂದು," ಎಂದರು ಅವರು ನನ್ನ ಕಡೆ ನೋಡದೆ. ಹುಡುಗಿಯರು ಬಾಯಿ ಮುಚ್ಚಿ ನಗುತ್ತಿದ್ದರು. ಅತಿಥಿಗಳು ಕೈಯಲ್ಲಿ ಶಾಲು ಹಿಡಿದು ನಿಂತೇ ಇದ್ದರು.

"ಅಪ್ಪಾ, ಕುಂಡ್ರು. ಸಾಕು."

"ತಡಿಯವಾ," ಎಂದರು ಅಪ್ಪ. "ಫೌಲ್ ಅಂದ್ರ ಏನಂತ ಇನ್ನೂ ಹೇಳೇ ಇಲ್ಲ."